ವಿಶ್ವೇಶ್ವರಯ್ಯನವರಿಗೆ ಸಿಕ್ಕ 43 ವರ್ಷ

ಮಾಜಿವಾಡಾದ ನಮ್ಮ ಮನೆಯಲ್ಲಿ ಹೋದ ವರ್ಷ ಅಜ್ಜ ತೀರಿಕೊಂಡರು. ಠಾಣೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಯಂತ್ರದ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅಂತ ಹೇಳುತ್ತಿದ್ದರು. ಆ ವಿದ್ಯೆ ಅವರ ಜೊತೆಗೇ ಹೋಯಿತು. ಬಂದವರೆಲ್ಲ ವಯಸ್ಸಾಗಿತ್ತು ಬಿಡಿ ಅಂತ ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಆಮೇಲೆ ವಿಶ್ವೇಶ್ವರಯ್ಯನವರ ಬದುಕನ್ನು ಇನ್ನೊಮ್ಮೆ ಓದಿದೆ.

1860ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ಹೋದರು. ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮಾಡಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಇದೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕವಾಸ್ಲಾದಲ್ಲಿ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ, ತಾವಾಗಿಯೇ ತೆರೆದು ಮುಚ್ಚುವ ಬಾಗಿಲು ಇಡಿಸಿದರು. ಹರಿದುಹೋಗುವ ನೀರನ್ನು ಹಣೆಬರಹ ಅಂತ ಬಿಟ್ಟವರಲ್ಲ. 1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದರು; ಕನ್ನಂಬಾಡಿ ಕಟ್ಟೆ ಕೈಗೆತ್ತಿಕೊಂಡರು. 1912ರಲ್ಲಿ ದಿವಾನರಾದರು. 1918ರ ಕೊನೆಗೆ, 58ನೇ ವಯಸ್ಸಿನಲ್ಲಿ, ಹುದ್ದೆ ಬಿಟ್ಟರು.

ನಮ್ಮ ಜನರ ಲೆಕ್ಕದಲ್ಲಿ ಅಲ್ಲಿಗೆ ಎಲ್ಲ ಮುಗಿಯಿತು. ಆಗ ನಮ್ಮ ದೇಶದ ಸರಾಸರಿ ಆಯಸ್ಸು 30ನ್ನೂ ಮುಟ್ಟಿರಲಿಲ್ಲ. ಆದರೆ ಅವರಿಗೆ ಇನ್ನೂ 43 ವರ್ಷ ಸಿಕ್ಕಿತು. 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಿಲ್ಲಿಸಿಕೊಟ್ಟರು. 1934ರಲ್ಲಿ ದೇಶಕ್ಕೊಂದು ಆರ್ಥಿಕ ಯೋಜನೆ ಬೇಕೆಂದು ಪುಸ್ತಕ ಬರೆದರು. 90 ದಾಟಿದ ಮೇಲೂ ಬಿಹಾರಕ್ಕೆ ಹೋಗಿ, ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಿ ಹೇಳಿದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, 101ನೇ ವಯಸ್ಸಿನಲ್ಲಿ, ತೀರಿಕೊಂಡರು.

ಅವರು ಹೋದ ಐದೇ ವರ್ಷಕ್ಕೆ, 1967ರ ಜನವರಿಯಲ್ಲಿ, ಅಮೆರಿಕದ ಜೇಮ್ಸ್ ಬೆಡ್‌ಫರ್ಡ್ ಎಂಬ ಪ್ರಾಧ್ಯಾಪಕರ ಶವವನ್ನು, ಮುಂದೊಂದು ದಿನ ವೈದ್ಯರು ಎಬ್ಬಿಸಿಯಾರೆಂಬ ಆಸೆಯಿಂದ, ಹೆಪ್ಪುಗಟ್ಟಿಸಿ ಇಟ್ಟರು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದು ಇಂದಿಗೂ ಇದೆ. ಹಾಗೆ ಇಟ್ಟವರಲ್ಲಿ ಒಬ್ಬರೂ ಎದ್ದಿಲ್ಲ. ನಮ್ಮ ಕನ್ನಡ ಸಂಘದಲ್ಲಿ ಈ ಮಾತು ಬಂದಾಗ ಗೆಳೆಯರು ನಕ್ಕರು. ಮುದುಕರೆಲ್ಲ ಉಳಿದರೆ ನಮಗೆ ಜಾಗ ಎಲ್ಲಿ ಅಂತ ಒಬ್ಬ ಕೇಳಿದ.

ಕೇಳಬೇಕಾದ ಪ್ರಶ್ನೆಯೇ. ಆದರೆ ವಿಶ್ವೇಶ್ವರಯ್ಯನವರ ಆ 43 ವರ್ಷ ಯಾವ ಹುಡುಗನ ಜಾಗ ಕಿತ್ತುಕೊಂಡಿತು? ಭದ್ರಾವತಿಯಲ್ಲಿ ಎಷ್ಟೋ ಮನೆಯ ಹುಡುಗರಿಗೆ ಕೆಲಸ ಸಿಕ್ಕಿತಲ್ಲ! ಆ ಹೆಪ್ಪುಗಟ್ಟಿಸುವ ವಿದ್ಯೆ ಫಲಿಸುತ್ತದೋ ಇಲ್ಲವೋ, ನಾನು ಹೇಳಲಾರೆ. ಆಯಸ್ಸು ಇಷ್ಟೇ ಅಂತ ಕೈಕಟ್ಟಿ ಕೂರದೆ ಪ್ರಯತ್ನ ಪಡುವವರನ್ನು ನೋಡಿ ನಗಲು ಮಾತ್ರ ನನ್ನಿಂದಾಗದು. ಅಜ್ಜನಿಗೆ ಇನ್ನೊಂದು ಹತ್ತು ವರ್ಷ ಸಿಕ್ಕಿದ್ದರೆ, ಯಂತ್ರದ ಸದ್ದು ಕೇಳುವುದನ್ನು ನಾನೂ ಕಲಿಯುತ್ತಿದ್ದೆ.