ಭದ್ರಾವತಿಯ ಕುಲುಮೆಯೂ ಸರ್ ಎಂ.ವಿ. ಲೆಕ್ಕಾಚಾರವೂ

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕನ್ನಂಬಾಡಿ ಕಟ್ಟೆ. ಆದರೆ ಅವರ ಲೆಕ್ಕಾಚಾರ ಮತ್ತು ಛಲ ಎರಡನ್ನೂ ಒರೆಗೆ ಹಚ್ಚಿದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ.

1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯ, ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು ಮುಂಬೈ ಪ್ರಾಂತ್ಯದ ಸೇವೆಗೆ ಸೇರಿದರು. 1898ರಲ್ಲಿ ಜಪಾನ್ ಪ್ರವಾಸ ಕೈಗೊಂಡು ಅಲ್ಲಿನ ಕೈಗಾರಿಕಾ ಪ್ರಗತಿಯನ್ನು ಕಣ್ಣಾರೆ ಕಂಡರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದ ಅವರನ್ನು 1912ರಲ್ಲಿ ದಿವಾನಗಿರಿ ಅರಸಿ ಬಂತು.

ಸಂಸ್ಥಾನದ ಅದಿರು ಸಂಸ್ಥಾನದಲ್ಲೇ ಕಬ್ಬಿಣವಾಗಬೇಕೆಂಬುದು ದಿವಾನರ ಹಂಬಲವಾಗಿತ್ತು. ಕೆಮ್ಮಣ್ಣುಗುಂಡಿಯಲ್ಲಿ ಉತ್ತಮ ಅದಿರಿತ್ತು. ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ನದಿಯ ನೀರಿತ್ತು, ರೈಲು ಮಾರ್ಗವಿತ್ತು. ಇಲ್ಲದಿದ್ದುದು ಕಲ್ಲಿದ್ದಲು ಮಾತ್ರ. ಬಂಗಾಳ, ಬಿಹಾರದ ಗಣಿಗಳಿಂದ ಅದನ್ನು ತರಿಸಿದರೆ ಸಾಗಣೆ ವೆಚ್ಚವೇ ಲಾಭವನ್ನು ನುಂಗುತ್ತಿತ್ತು.

ಅಮೆರಿಕದ ತಜ್ಞ ಸಿ.ಪಿ. ಪೆರಿನ್ ಅವರ ಸಲಹೆಯೊಂದಿಗೆ ಸಿದ್ಧವಾದ ಯೋಜನೆ ಮಲೆನಾಡಿನ ಕಾಡಿನತ್ತ ಮುಖ ಮಾಡಿತು. ಕಟ್ಟಿಗೆಯನ್ನು ಇದ್ದಿಲಾಗಿಸಿ ಊದುಕುಲುಮೆಗೆ ಹಾಕುವುದು ಅದರ ತಿರುಳು. ಇದ್ದಿಲಿನಲ್ಲಿ ಗಂಧಕದ ಅಂಶ ಕಡಿಮೆ. ಹೀಗಾಗಿ ಕಬ್ಬಿಣದ ಗುಣಮಟ್ಟವೂ ಹೆಚ್ಚು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸುವಾಗ ಹೊರಡುವ ಆವಿಯಿಂದ ಮೆಥನಾಲ್, ಸುಣ್ಣದ ಅಸಿಟೇಟ್, ಟಾರು ದೊರೆಯುತ್ತಿದ್ದವು. ಈ ಉಪಉತ್ಪನ್ನಗಳ ಮಾರಾಟವೇ ಇಂಧನದ ವೆಚ್ಚವನ್ನು ತಗ್ಗಿಸಬೇಕಿತ್ತು.

ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರ ಜನವರಿಯಲ್ಲಿ. ಅಷ್ಟರಲ್ಲಿ ಪರಿಸ್ಥಿತಿ ತಿರುಗಿಬಿದ್ದಿತ್ತು. ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಕುಸಿದಿತ್ತು. ಅದೇ ವರ್ಷ ಜರ್ಮನಿಯಲ್ಲಿ ಕೃತಕ ವಿಧಾನದಿಂದ ಮೆಥನಾಲ್ ತಯಾರಿಕೆ ಶುರುವಾಯಿತು. ಕಟ್ಟಿಗೆಯಿಂದ ತೆಗೆದ ಮೆಥನಾಲ್ ಕ್ರಮೇಣ ಮಾರುಕಟ್ಟೆ ಕಳೆದುಕೊಳ್ಳತೊಡಗಿತು. ಮುಖ್ಯ ಉತ್ಪನ್ನಕ್ಕೆ ಊರುಗೋಲಾಗಬೇಕಿದ್ದ ಪ್ರಕ್ರಿಯೆಯೇ ಅಲುಗಾಡಿತು. ಪ್ರಜೆಗಳ ಹಣ ಕಾಡುಪಾಲಾಯಿತೆಂಬ ಟೀಕೆ ಎದ್ದಿತು.

ದಿವಾನಗಿರಿ ತೊರೆದಿದ್ದ ವಿಶ್ವೇಶ್ವರಯ್ಯನವರನ್ನೇ ಸರ್ಕಾರ ಮತ್ತೆ ಕರೆಯಿತು. ಅರವತ್ತು ದಾಟಿದ್ದ ಅವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದರು. ಪ್ರತಿ ವಿಭಾಗದ ಖರ್ಚಿನ ಮೇಲೆ ಕಣ್ಣಿಟ್ಟರು. ದುಬಾರಿ ಸಂಬಳದ ವಿದೇಶಿ ತಂತ್ರಜ್ಞರ ಜಾಗಕ್ಕೆ ನಮ್ಮವರನ್ನು ತರಬೇತುಗೊಳಿಸಿ ನೇಮಿಸಿದರು. ಬೀಡುಕಬ್ಬಿಣವನ್ನು ಹಾಗೆಯೇ ಮಾರುವುದಕ್ಕಿಂತ ಕೊಳವೆಗಳನ್ನಾಗಿ ಎರಕ ಹೊಯ್ದು ಮಾರಿದರೆ ಹೆಚ್ಚು ಬೆಲೆ ಎಂಬುದನ್ನೂ ಮನಗಂಡರು. ಮುಚ್ಚುವ ಭೀತಿಯಲ್ಲಿದ್ದ ಕಾರ್ಖಾನೆ ಚೇತರಿಸಿಕೊಂಡಿತು. 1936ರಲ್ಲಿ ಉಕ್ಕಿನ ಘಟಕವೂ ಸೇರಿತು.

ಈ ಅವಧಿಯ ಸಂಭಾವನೆಯನ್ನು ಅವರು ತಮಗಾಗಿ ಬಳಸಲಿಲ್ಲ. ಆ ಹಣ ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಗೆ ಸಂದಿತು. ಆ ಸಂಸ್ಥೆಗೂ ಅವರು ತಮ್ಮ ಹೆಸರಿಡಗೊಡಲಿಲ್ಲ.

ಇದ್ದಿಲಿನ ಆಯ್ಕೆ ಶಾಶ್ವತವಾಗಿ ಉಳಿಯಲಿಲ್ಲ. ಕಾಡಿಗೂ ಒಂದು ಮಿತಿಯುಂಟು. ಜೋಗದ ವಿದ್ಯುತ್ ದೊರೆತ ಬಳಿಕ, 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಕೈಗೆಟಕುವ ಇಂಧನಕ್ಕೆ ತಕ್ಕಂತೆ ವಿಧಾನ ಬದಲಿಸುವ ಪಾಠವನ್ನು ಕಾರ್ಖಾನೆ ಮರೆತಿರಲಿಲ್ಲ.

1955ರಲ್ಲಿ ಭಾರತ ರತ್ನ ಪಡೆದ ವಿಶ್ವೇಶ್ವರಯ್ಯ 1962ರ ಏಪ್ರಿಲ್‌ನಲ್ಲಿ ನಿಧನರಾದರು. ಮುಂದೆ ಕಾರ್ಖಾನೆ ಅವರ ಹೆಸರನ್ನೇ ಹೊತ್ತಿತು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ, ಶತಮಾನೋತ್ಸವದ ತಿಂಗಳಲ್ಲೇ, ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅದೇ ಆಗಸ್ಟ್‌ನಲ್ಲಿ ರೋಲಿಂಗ್ ಮಿಲ್ ಮತ್ತೆ ತಿರುಗಿತು. ನೂರು ವರ್ಷಗಳ ಹಿಂದೆ ಸರ್ ಎಂ.ವಿ. ಎದುರಿಸಿದ ಪ್ರಶ್ನೆಯೇ ಭದ್ರೆಯ ದಂಡೆಗೆ ಮರಳಿ ಬಂದಿತ್ತು: ನಷ್ಟದ ಕಾರ್ಖಾನೆಯನ್ನು ಮುಚ್ಚಬೇಕೆ, ಅದರ ದಾರಿಯನ್ನು ಬದಲಿಸಬೇಕೆ?