ಕ್ಷಯರೋಗಿಗಳನ್ನು ಬರಮಾಡಿಕೊಂಡ ಡಾ. ಟ್ರುಡೊ

ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳ ಮನೆಗಳಿಗೆ ಭೇಟಿ ನೀಡುವ ಸೇವಾಕರ್ತರಿಗೆ ಈ ಕಾಯಿಲೆ ಅಪರಿಚಿತವೇನಲ್ಲ. ಇದಕ್ಕೆ ಔಷಧವೇ ಇಲ್ಲದಿದ್ದ ಕಾಲದಲ್ಲಿ ರೋಗಿಗಳಿಗೆ ಆಶ್ರಯ ನೀಡಿದ ಅಮೆರಿಕದ ವೈದ್ಯ ಡಾ. ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರುಡೊರವರನ್ನು ಇಲ್ಲಿ ಸ್ಮರಿಸುತ್ತಿದ್ದೇವೆ.

1848ರ ಅಕ್ಟೋಬರ್ 5ರಂದು ನ್ಯೂಯಾರ್ಕ್ ನಗರದಲ್ಲಿ ಇವರ ಜನನ. 1865ರಲ್ಲಿ ಅಣ್ಣನಿಗೆ ಕ್ಷಯ ತಗಲಿದಾಗ ಹಗಲಿರುಳು ಹಾಸಿಗೆಯ ಬಳಿಯಿದ್ದು ಆರೈಕೆ ಮಾಡಿದರು. ಗಾಳಿ ತಾಗಿದರೆ ಕೆಮ್ಮು ಹೆಚ್ಚುವುದೆಂಬ ಅಂದಿನ ನಂಬಿಕೆಯಂತೆ ಕೋಣೆಯ ಕಿಟಕಿಗಳನ್ನು ಮುಚ್ಚಿಡಲಾಗಿತ್ತು. ಕೆಲವೇ ತಿಂಗಳಲ್ಲಿ ಅಣ್ಣ ತೀರಿಕೊಂಡರು. 1871ರಲ್ಲಿ ಟ್ರುಡೊ ವೈದ್ಯರಾದರು, ವಿವಾಹವೂ ಆಯಿತು. 1873ರಲ್ಲಿ ಅವರಿಗೇ ಕ್ಷಯ ಇರುವುದು ಪತ್ತೆಯಾಯಿತು. ಬದುಕುವ ಆಸೆ ಬಿಟ್ಟು, ತಮಗೆ ಪ್ರಿಯವಾಗಿದ್ದ ಅಡಿರಾಂಡಾಕ್ ಬೆಟ್ಟಗಳಿಗೆ ಹೋದರು. ಅಲ್ಲಿನ ಹೋಟೆಲಿನಲ್ಲಿ ಮೆಟ್ಟಿಲು ಹತ್ತಲಾರದ ಅವರನ್ನು ಎತ್ತಿಕೊಂಡೇ ಹೋಗಬೇಕಾಯಿತು. ಆದರೆ ಅಲ್ಲಿ ಚೇತರಿಸಿಕೊಂಡರು. 1876ರಿಂದ ಪತ್ನಿ ಮಕ್ಕಳೊಂದಿಗೆ ಸ್ಯಾರನಾಕ್ ಲೇಕ್ ಎಂಬ ಹಳ್ಳಿಯಲ್ಲಿ ನೆಲೆಸಿದರು.

ಯುರೋಪಿನಲ್ಲಿ ಬ್ರೆಮರ್ ಎಂಬ ವೈದ್ಯರು ನಡೆಸುತ್ತಿದ್ದ ಆರೋಗ್ಯಧಾಮದ ಬಗ್ಗೆ 1882ರಲ್ಲಿ ಓದಿದಾಗ ಟ್ರುಡೊರವರಿಗೆ ಒಂದು ಯೋಚನೆ ಹೊಳೆಯಿತು. ಹಣವಿದ್ದವರು ಬೆಟ್ಟಕ್ಕೆ ಬಂದು ಹೋಟೆಲಿನಲ್ಲಿ ಉಳಿಯಬಲ್ಲರು. ಕಾರ್ಖಾನೆಯಲ್ಲಿ ದುಡಿಯುವವರು ಎಲ್ಲಿಗೆ ಹೋಗಬೇಕು? ಅವರೊಂದಿಗೆ ಕಾಡಿನಲ್ಲಿ ಬೇಟೆಗೆ ಹೋಗುತ್ತಿದ್ದ ಮಾರ್ಗದರ್ಶಿಗಳು ತಮ್ಮಲ್ಲೇ ಹಣ ಕೂಡಿಸಿ 16 ಎಕರೆ ಜಾಗ ಕೊಂಡು ಕೊಟ್ಟರು. ಈ ಸಂಗತಿ ನಮಗೆ ವಿಶೇಷವಾಗಿ ಮೆಚ್ಚುಗೆಯಾಗಿದೆ.

ಅಲ್ಲಿ ಕಟ್ಟಿದ ಮೊದಲ ಕುಟೀರಕ್ಕೆ 'ಲಿಟಲ್ ರೆಡ್' ಎಂದು ಹೆಸರು. ಒಂದೇ ಕೋಣೆ, ಎರಡು ಮಂಚ, ಎರಡು ಕುರ್ಚಿ, ಸೌದೆ ಒಲೆ, ಸೀಮೆಎಣ್ಣೆ ದೀಪ. ಜಗಲಿಯಲ್ಲಿ ಒಬ್ಬರಿಗಷ್ಟೇ ಜಾಗ. ಮೊದಲ ರೋಗಿಗಳು ನ್ಯೂಯಾರ್ಕಿನ ಕಾರ್ಖಾನೆ ಕೆಲಸದ ಸಹೋದರಿಯರಾದ ಆಲಿಸ್ ಮತ್ತು ಮೇರಿ ಹಂಟ್. ಆಗ ಹಳ್ಳಿಗೆ ರೈಲು ಇರಲಿಲ್ಲ, ಅದು ಬಂದದ್ದು 1887ರಲ್ಲಿ. ಕ್ಷಯರೋಗಿಯನ್ನು ಕಂಡರೆ ಜನ ದೂರ ಸರಿಯುತ್ತಿದ್ದ ದಿನಗಳಲ್ಲಿ, ದೊಡ್ಡ ವಾರ್ಡಿನ ಬದಲು ಮನೆಯಂತಹ ಪುಟ್ಟ ಕುಟೀರ ಕಾದಿತ್ತು. ವಾರಕ್ಕೆ ಐದು ಡಾಲರ್ ಶುಲ್ಕ. ಅದು ಖರ್ಚಿಗೆ ಸಾಲುತ್ತಿರಲಿಲ್ಲ; ಉಳಿದದ್ದನ್ನು ಟ್ರುಡೊ ಪ್ರತಿ ವರ್ಷ ದಾನಿಗಳಲ್ಲಿ ಬೇಡಿ ತರುತ್ತಿದ್ದರು. ತಾವು ಸಂಬಳ ಪಡೆಯಲಿಲ್ಲ.

ಬಂದವರೆಲ್ಲರಿಗೂ ಪ್ರವೇಶವಿತ್ತೇ? ಇರಲಿಲ್ಲ. ನ್ಯೂಯಾರ್ಕಿನಲ್ಲಿ ಡಾ. ಆಲ್‌ಫ್ರೆಡ್ ಲೂಮಿಸ್ ರೋಗಿಗಳನ್ನು ಉಚಿತವಾಗಿ ಪರೀಕ್ಷಿಸಿ, ರೋಗದ ಆರಂಭದ ಹಂತದಲ್ಲಿರುವವರನ್ನು ಆರಿಸಿ ಕಳುಹಿಸುತ್ತಿದ್ದರು. ಮಂಚಗಳು ಕೆಲವೇ ಇದ್ದುದರಿಂದ ಗುಣವಾಗುವ ಭರವಸೆಯಿದ್ದವರಿಗೇ ಆದ್ಯತೆ. ರೋಗ ಬಲಿತವರನ್ನು ಹಿಂದೆ ಕಳುಹಿಸುವುದು ಎಷ್ಟು ಕಠಿಣವೆಂದು, ತಾವೇ ಸಾಯಲೆಂದು ಬಂದಿದ್ದ ಟ್ರುಡೊರವರಿಗಿಂತ ಚೆನ್ನಾಗಿ ಯಾರು ಬಲ್ಲರು? ಈ ನಿಯಮ ನಮಗೂ ಕಹಿಯೆನಿಸುತ್ತದೆ, ಆದರೂ ತಪ್ಪೆಂದು ಹೇಳಲಾರೆವು. ಹಾಗೆ ಉಳಿದವರನ್ನು ಹಳ್ಳಿಯ ಮನೆಗಳು ಬಾಡಿಗೆಗೆ ಸೇರಿಸಿಕೊಂಡವು. ಮುಂದೆ ಮೇರಿ ಪ್ರೆಸ್ಕಾಟ್ ಎಂಬ ಮಹಿಳೆ ಇಂಥವರಿಗಾಗಿಯೇ ಅಲ್ಲಿ ರಿಸೆಪ್ಷನ್ ಹಾಸ್ಪಿಟಲ್ ತೆರೆದರು.

ಸಹಾಯಕರೂ ಹೆಚ್ಚಾಗಿ ಗುಣಮುಖರಾದ ರೋಗಿಗಳೇ. ಡಾ. ಎಡ್ವರ್ಡ್ ಬಾಲ್ಡ್‌ವಿನ್ 1892ರಲ್ಲಿ ರೋಗಿಯಾಗಿ ಬಂದು, ಸಂಶೋಧಕರಾಗಿ ಅಲ್ಲೇ ಉಳಿದರು. ಹೊಸಬರ ಭಯವನ್ನು ಇಂಥವರಿಗೆ ವಿವರಿಸಬೇಕಾದ ಅಗತ್ಯವಿರಲಿಲ್ಲ.

1893ರಲ್ಲಿ ಟ್ರುಡೊರವರ ಮಗಳು ಷಾರ್ಲೆಟ್ ಇದೇ ಕ್ಷಯಕ್ಕೆ ಬಲಿಯಾದಳು. ಅದೇ ವರ್ಷ ಮನೆ, ಪ್ರಯೋಗಾಲಯ ಸುಟ್ಟುಹೋದವು. ಮರು ವರ್ಷ ಕಲ್ಲಿನ ಹೊಸ ಪ್ರಯೋಗಾಲಯ ಎದ್ದಿತು. ಸ್ವತಃ ರೋಗಿಯಾಗಿಯೇ ನಾಲ್ಕು ದಶಕ ಬಾಳಿ, 1915ರ ನವೆಂಬರ್ 15ರಂದು ಅವರು ನಿಧನರಾದರು.

ಮುಂದೆ ಸ್ಟ್ರೆಪ್ಟೊಮೈಸಿನ್ ಮುಂತಾದ ಔಷಧಗಳು ಬಂದು, 1954ರಲ್ಲಿ ಆರೋಗ್ಯಧಾಮ ಮುಚ್ಚಿತು. ಕೊನೆಯದಾಗಿ ಹೊರಟ ರೋಗಿ ಹಿಂದಿನ ಬೇಸ್‌ಬಾಲ್ ಆಟಗಾರ ಲ್ಯಾರಿ ಡಾಯ್ಲ್.