ಕುಂದಾಪುರದಲ್ಲಿ ಸೇವೆಗೈದ ವಿಧೇಯ ಸಂತ

ಕುಂದಾಪುರದ ರೋಜರಿ ಮಾತೆಯ ಇಗರ್ಜಿಯಲ್ಲಿ ಮೊಣಕಾಲೂರುವ ನಾವು, ಇದೇ ನೆಲದಲ್ಲಿ ಸೇವೆಗೈದ ಸಂತ ಜೋಸೆಫ್ ವಾಜ್‌ರನ್ನು ಎಷ್ಟು ಅರಿತಿದ್ದೇವೆ? 1651ರಲ್ಲಿ ಗೋವೆಯಲ್ಲಿ ಜನಿಸಿದ ಅವರ ಮನಸ್ಸೆಲ್ಲ, ಡಚ್ಚರ ಆಳ್ವಿಕೆಯಲ್ಲಿ ಗುರುಗಳಿಲ್ಲದೆ ಬಳಲುತ್ತಿದ್ದ ಸಿಂಹಳದ ಕ್ರೈಸ್ತರ ಮೇಲಿತ್ತು. ಆದರೆ 1681ರಲ್ಲಿ ಮೇಲಧಿಕಾರಿಗಳು ಕಳುಹಿಸಿದ್ದು ಕೆನರಾಕ್ಕೆ. ದೇವರ ಚಿತ್ತವೆಂದು ಬಂದರು. ಇಲ್ಲಿ ಗೋವೆಯ ಆರ್ಚ್‌ಬಿಷಪರ ಹಾಗೂ ರೋಮ್ ನೇಮಿಸಿದ ಬಿಷಪರ ಅಧಿಕಾರಗಳ ನಡುವೆ ಕ್ರೈಸ್ತ ಜನತೆ ಇಬ್ಭಾಗವಾಗಿತ್ತು. (ನಮ್ಮ ವಾರ್ಡುಗಳ ಜಗಳ ಅದರ ಮುಂದೆ ಎಷ್ಟರದು!) ಮೂರು ವರ್ಷ ಆ ಭಾರವನ್ನು ಹೊತ್ತರು. ಸ್ವಂತ ಇಚ್ಛೆಯನ್ನು ಹೀಗೆ ದೇವರಿಗೊಪ್ಪಿಸಿದವರಿಗೆ ಮುಂದೆ ಸೆರೆಮನೆಯೂ ಬಂಧನವಾಗಲಿಲ್ಲ. 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳ ಸೇರಿದ ಅವರನ್ನು, ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂದು ಶಂಕಿಸಿ ಸೆರೆಗೆ ತಳ್ಳಲಾಯಿತು. ಸೆರೆಯಲ್ಲೇ ಅವರು ಸಿಂಹಳ ಭಾಷೆ ಕಲಿತರು. 1711ರ ಜನವರಿ 16ರಂದು ಆ ಊರಲ್ಲೇ ದೈವಾಧೀನರಾದರು.